ಬ್ಲೇಡಿನಲ್ಲಿ ಕೆರೆದ ಜಿಲ್ಲೆ

ಹರಪನಹಳ್ಳಿ ತಾಲೂಕಿನ ಅರಸೀಕೆರೆ ಸಂತೆಯಲ್ಲಿ ಆ ವಾರ ಈರುಳ್ಳಿಗಿಂತ ಸುದ್ದಿಯೇ ಹೆಚ್ಚು ಮಾರಾಟವಾಯಿತು. ೧೯೯೭ರ ಆಗಸ್ಟ್ ಹದಿನೈದಕ್ಕೆ ದಾವಣಗೆರೆ ಹೊಸ ಜಿಲ್ಲೆಯಾಗಿತ್ತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲೂಕನ್ನು ತೆಗೆದು ಅದಕ್ಕೆ ಸೇರಿಸಿದ್ದರು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಬಳ್ಳಾರಿಯಲ್ಲೇ ಉಳಿದವು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಮುಂದಿನದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಬಾಯಿಗೆ ಬಂದದ್ದೇ ಮಾತು.

"ಬಳ್ಳಾರಿ ಜಿಲ್ಲೆ ಅಂತ ಬರೆದಿರೋ ಕಾಗದ ಎಲ್ಲಾ ಇನ್ನು ರದ್ದಿಗೆ ಹಾಕೋದಂತೆ," ಅಂದ ಚಹಾದಂಗಡಿ ಪಾಲಣ್ಣ, ಚಹಾ ಸೋಸುತ್ತಾ.

ಬೆಂಚಿನ ಮೇಲೆ ಕೂತಿದ್ದ ನಾಗೇಂದ್ರಪ್ಪನ ಕೈಯ ಲೋಟ ನಿಂತಲ್ಲೇ ನಿಂತಿತು. "ಯಾರು ಹೇಳಿದ್ರಲೇ?"

"ಎಲ್ಲಾರೂ ಹೇಳಾಕ ಹತ್ಯಾರ. ಒಬ್ಬರಿಬ್ಬರು ಹೇಳಿದ್ರ ಸುಳ್ಳು ಅನ್ನಬೌದು."

ನಾಗೇಂದ್ರಪ್ಪ ಹೈಸ್ಕೂಲಿನ ಜವಾನ. ಗಂಟೆ ಹೊಡೆಯುವುದು, ಕೋಣೆ ತೆರೆಯುವುದು ಅವನ ಕೆಲಸ. ಆದರೆ ಊರು ಅವನನ್ನು ಗುರುತಿಸುತ್ತಿದ್ದುದು ಕೈಬರಹದಿಂದ. ಶಾಲೆಯ ನೋಟಿಸ್ ಬೋರ್ಡಿನ ಮೇಲೆ ಅವನು ಬರೆದರೆ ಹೆಡ್‌ಮಾಸ್ತರರೂ ನಿಂತು ನೋಡುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ಮನುಷ್ಯ ಮಾತ್ರ ಪುಕ್ಕಲ. ಸರ್ಕಾರಿ ಲಕೋಟೆ ಬಂದರೆ ಒಡೆಯುವ ಮೊದಲು ಒಂದು ಚೊಂಬು ನೀರು ಕುಡಿಯುವವನು.

ಆ ವಾರ ಅಂಥದೊಂದು ಲಕೋಟೆ ಬಂದಿತ್ತು. ಮಗಳು ಸಂಘಮಿತ್ರಾಳಿಗೆ ದಾವಣಗೆರೆಯಲ್ಲಿ ನರ್ಸಿಂಗ್ ತರಬೇತಿಯ ಸಂದರ್ಶನ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಅಸಲು ಕಾಗದ ತರಬೇಕು, ತರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಅದರಲ್ಲಿತ್ತು. ಅವರ ಕೇರಿಯಿಂದ ಬಿಳಿ ಸೀರೆ ಉಟ್ಟು ಆಸ್ಪತ್ರೆಯಲ್ಲಿ ನಿಲ್ಲುವ ಮೊದಲ ಹುಡುಗಿ ಅವಳಾಗಬೇಕಿತ್ತು. ಅವಳ ಜಾತಿ ಪ್ರಮಾಣಪತ್ರ ೧೯೯೫ರಲ್ಲಿ ಹರಪನಹಳ್ಳಿ ತಾಲೂಕು ಕಚೇರಿಯಲ್ಲಿ ಮಾಡಿಸಿದ್ದು. ಅದರ ಮೇಲೆ ಟೈಪ್ ಮಾಡಿದ ಅಕ್ಷರದಲ್ಲಿ ಬಳ್ಳಾರಿ ಜಿಲ್ಲೆ ಅಂತಲೇ ಇತ್ತು.

ಬುಧವಾರ ಮಧ್ಯಾಹ್ನ ಹೆಂಡತಿ ಹಂಪಮ್ಮ ಹೊಲಕ್ಕೆ ಹೋಗಿದ್ದಳು. ಮಗಳು ಬಾವಿಗೆ ಹೋಗಿದ್ದಳು. ನಾಗೇಂದ್ರಪ್ಪ ಬಾಗಿಲು ಮುಂದೆ ಮಾಡಿ, ಟ್ರಂಕು ತೆಗೆದು, ಕಾಗದವನ್ನು ಮಣೆಯ ಮೇಲೆ ಹರಡಿದ. ಗಡ್ಡದ ಬ್ಲೇಡನ್ನು ಎರಡು ಹೋಳು ಮಾಡಿ, ಅರ್ಧ ಬ್ಲೇಡಿನಿಂದ 'ಬಳ್ಳಾರಿ' ಅನ್ನುವುದನ್ನು ನಯವಾಗಿ ಕೆರೆದ. ಕೆರೆದ ಜಾಗವನ್ನು ಉಗುರಿನಿಂದ ತಿಕ್ಕಿದ. ಕಪ್ಪು ಮಸಿಯಲ್ಲಿ, ಟೈಪಿನ ಅಕ್ಷರದಂತೆಯೇ ನೆಟ್ಟಗೆ, 'ದಾವಣಗೆರೆ' ಎಂದು ಬರೆದ. ಬಹಳ ಚೆಂದ ಬಂತು. ಒಂದು ಗಳಿಗೆ ಅವನಿಗೆ ಹೆಮ್ಮೆಯೂ ಆಯಿತು.

ಆಮೇಲೆ ಕಣ್ಣು ಕೆಳಗೆ ಜಾರಿತು. ದುಂಡನೆಯ ನೇರಳೆ ಮೊಹರಿನಲ್ಲಿ ಬಳ್ಳಾರಿ ಜಿಲ್ಲೆ ಹಾಗೆಯೇ ಕೂತಿತ್ತು. ಮೊಹರನ್ನು ಕೆರೆಯುವುದು ಹೇಗೆ? ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೆರೆದ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಬೆಳಕು ಅಲ್ಲಿಂದಲೇ ಇಣುಕುತ್ತಿತ್ತು. ಕಾಗದವನ್ನು ಮಡಚಿ ಗೋಡೆಯ ಮೇಲಿನ ಬುದ್ಧನ ಫೋಟೋದ ಹಿಂದೆ ತುರುಕಿದ. ಬುದ್ಧ ಕಣ್ಣು ಮುಚ್ಚಿಕೊಂಡಿದ್ದ, ಅದೊಂದು ಪುಣ್ಯ.

ಗುರುವಾರ ಅವನು ಮೂರನೇ ಪಿರಿಯಡ್ಡಿಗೇ ಊಟದ ಗಂಟೆ ಹೊಡೆದುಬಿಟ್ಟ. ಮಕ್ಕಳು ಖುಷಿಯಿಂದ ಓಡಿದರು, ಮಾಸ್ತರರು ಬೈದರು. ಶಾಲೆಯ ಮುಂದೆ ಯಾವುದೋ ಜೀಪು ನಿಂತರೂ ತನ್ನನ್ನೇ ಹುಡುಕಿಕೊಂಡು ಬಂತೆನಿಸಿ ಬೆವರುತ್ತಿದ್ದ. ಮಗಳು ಎರಡು ಸಲ ಕೇಳಿದಳು. "ಅಪ್ಪಾ, ಕಾಗದ ಎಲ್ಲ ಜೋಡಿಸಿಟ್ಟೀಯಾ?" ಅವನು ಹೂಂ ಅಂದ. ಆ ಹೂಂ ಅವನಿಗೇ ಕೇಳಿಸಲಿಲ್ಲ.

ಶುಕ್ರವಾರ ಸಂಜೆ ಎರಡು ಸಂಗತಿ ಒಟ್ಟಿಗೆ ನಡೆದವು. ಮೊದಲು ಪಕ್ಕದ ಮನೆಯ ಗಾದೆಮ್ಮ ಬಂದಳು. ಒಂಟಿ ಮುದುಕಿ. ಸೆರಗಿನ ಗಂಟಿನಿಂದ ಒಂದು ಕಾಗದ ಬಿಚ್ಚಿದಳು, ಅವಳ ವಿಧವಾ ಪಿಂಚಣಿಯ ಆದೇಶ.

"ನಾಗೇಂದ್ರಪ್ಪ, ಇದರ ಮ್ಯಾಲೆ ಬಳ್ಳಾರಿ ಐತಂತೆ. ನಿನ್ನ ಅಕ್ಷರ ದುಂಡಗದಾವು. ದಾವಣಗೆರೆ ಅಂತ ತಿದ್ದಿಕೊಡಪ್ಪ. ನನಗ ಇದೊಂದ ಆಸರ."

ನಾಗೇಂದ್ರಪ್ಪ ಪೇಚಿಗೆ ಸಿಕ್ಕ. ಇಲ್ಲ ಅಂದರೆ ಯಾಕೆ ಅನ್ನುತ್ತಾಳೆ. ಹೂಂ ಅಂದರೆ ಇನ್ನೊಂದು ಕಾಗದಕ್ಕೆ ಬ್ಲೇಡು ಹಾಕಬೇಕು. ಅಷ್ಟರಲ್ಲಿ ಬಾಗಿಲಲ್ಲಿ ಮಾರೇಶ್ ಕಾಣಿಸಿಕೊಂಡ. ಅವನು ಹಂಪಮ್ಮನ ತಮ್ಮ. ಹಗರಿಬೊಮ್ಮನಹಳ್ಳಿ ತಾಲೂಕು ಕಚೇರಿಯಲ್ಲಿ, ಹಳೆಯ ದಾಖಲೆಗಳ ಕೋಣೆಯಲ್ಲಿ ಗುಮಾಸ್ತ. ಅಕ್ಕನ ಮಗಳನ್ನು ಸೋಮವಾರ ದಾವಣಗೆರೆಗೆ ಕರೆದುಕೊಂಡು ಹೋಗಲು ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದ. ಚಪ್ಪಲಿ ಬಿಡುವಾಗಲೇ ಗಾದೆಮ್ಮನ ಮಾತು ಅವನಿಗೆ ಕೇಳಿಸಿತ್ತು.

"ಯಮ್ಮಾ, ಆ ಕಾಗದಕ್ಕ ಯಾರಿಗೂ ಕೈ ಹಚ್ಚಾಕ ಕೊಡಬ್ಯಾಡ," ಅಂದ. "ಅದು ಹೆಂಗ ಐತೋ ಹಂಗ ನಡೀತೈತಿ."

"ಬಳ್ಳಾರಿ ಹೋಗಿ ದಾವಣಗೆರೆ ಬಂತಲ್ಲೋ ಮಾರೇಶ."

"ಬಂದರ ಬರಲಿ. ಸರ್ಕಾರ ನಕಾಶದ ಮ್ಯಾಲಿನ ಗೆರಿ ಸರಿಸೈತಿ. ನಿನ್ನ ಮನಿ ಸರಿಸೇತೇನು? ನಮ್ಮ ಅಜ್ಜನ ಕಾಲಕ್ಕ ಈ ಸೀಮಿ ಎಲ್ಲಾ ಮದ್ರಾಸಿಗೆ ಸೇರಿತ್ತು. ಐವತ್ಮೂರರಾಗ ಮೈಸೂರಿಗೆ ಬಂತು. ಆಮ್ಯಾಲೆ ಮೈಸೂರು ಹೋಗಿ ಕರ್ನಾಟಕ ಆತು. ನನ್ನ ಕೋಣಿಯೊಳಗ ಮದ್ರಾಸ್ ಮೊಹರಿನ ಕಾಗದ ಇನ್ನೂ ಅದಾವು. ಈ ವರ್ಷನೂ ಅದನ್ನ ನೋಡೇ ಒಬ್ಬರ ಹೊಲದ ತಕರಾರು ಬಗಿಹರಿಸಿದ್ರು. ತುಂಗಭದ್ರಾ ಡ್ಯಾಮಿನಾಗ ಮುಳುಗಿದ ಊರಿನ ಕಾಗದನೂ ಅದಾವು. ಊರು ಮುಳುಗೈತಿ, ಕಾಗದ ಮುಳುಗಿಲ್ಲ."

ನಾಗೇಂದ್ರಪ್ಪ ಗೋಡೆಗೆ ಒರಗಿದ. ಹಳೆಯ ಕಾಗದ ನಡೆಯುತ್ತದೆ ಅನ್ನುವ ಮಾತು ಎಲ್ಲರಿಗೂ ಧೈರ್ಯ ಕೊಟ್ಟಿತು, ಅವನೊಬ್ಬನನ್ನು ಬಿಟ್ಟು. "ನಿಂಗೇನು ಗೊತ್ತು ಮಾರೇಶ," ಅಂದ ಸಿಡುಕಿನಿಂದ. "ನಿಂದು ಬಳ್ಳಾರಿ ಜಿಲ್ಲೆ. ನಮ್ಮ ಕಷ್ಟ ನಮಗ."

"ಹಂಗಾದ್ರ ಕಾಗದ ತೋರಿಸು ಭಾವ."

ಅವನು ಅಲುಗಾಡಲಿಲ್ಲ. ಹಂಪಮ್ಮ ಟ್ರಂಕು ತೆಗೆದಳು, ಇರಲಿಲ್ಲ. ಗಂಡನ ಕಣ್ಣು ಪದೇ ಪದೇ ಫೋಟೋದ ಕಡೆ ಹೋಗುವುದನ್ನು ಕಂಡು ಅಲ್ಲಿ ಕೈ ಹಾಕಿದಳು. ಕಾಗದ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದಳು.

"ಇದನ್ನ ಕೆರದೀಯ," ಅಂದಳು.

"ನಿಂಗ ಓದಾಕ ಬರಂಗಿಲ್ಲ..."

"ಓದಾಕ ಬರಂಗಿಲ್ಲ ಅಂದ್ರ ನೋಡಾಕೂ ಬರಂಗಿಲ್ಲೇನು?"

ಸಂಘಮಿತ್ರಾ ಅಮ್ಮನ ಕೈಯಿಂದ ಕಾಗದ ತೆಗೆದುಕೊಂಡಳು. ಅಳಲಿಲ್ಲ, ಬೈಯಲಿಲ್ಲ. ಕಾಗದ ನೋಡಿದಳು, ಅಪ್ಪನ ಮುಖ ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರೇಶ್ ತಲೆಯ ಮೇಲೆ ಕೈ ಹೊತ್ತು ಕೂತ. "ಭಾವ, ಈ ಕಾಗದ ಕೊಟ್ಟಿದ್ದು ತೊಂಬತ್ತೈದರಾಗ. ಹುಟ್ಟಲಾರದ ಜಿಲ್ಲೆ ಹೆಸರು ಅದರಾಗ ಹೆಂಗ ಬರತೈತಿ? ನೋಡಿದವರು ಮೊದಲು ಅದನ್ನ ಕೇಳ್ತಾರ. ಬುಧವಾರದ ಮಟ ಇದು ಬಂಗಾರದಂಥ ಕಾಗದ ಇತ್ತು. ನೀನು ಮುಟ್ಟಿದ ಮ್ಯಾಲೆ ಕೆಟ್ಟೈತಿ."

"ಈಗ?"

"ನಾಳೆ ಶನಿವಾರ, ಕಚೇರಿ ಐತಿ. ಹರಪನಹಳ್ಳಿಗೆ ಹೋಗಿ, ಮಾಡಿದ್ದು ಮಾಡಿದಂಗ ಹೇಳು. ಹೊಸಾದು ಕೇಳು."

"ನನ್ನ ನೌಕರಿ ಹೋಗತೈತಿ ಮಾರೇಶ. ಸರ್ಕಾರಿ ಕಾಗದ ತಿದ್ದ್ಯಾನ ಅಂತ ಒಳಗ ಹಾಕಿದ್ರ?"

"ಹಂಗ ಆಗಂಗಿಲ್ಲ ಅಂತ ನಾ ಹೇಳಲಾರೆ. ಆದರ ಸೋಮವಾರ ದಾವಣಗೆರೆಯೊಳಗ ಇದು ಸಿಕ್ಕಿಬಿತ್ತಂದ್ರ, ಕಳ್ಳಿ ಅನ್ನಿಸಿಕೊಳ್ಳಾಕಿ ನಿನ್ನ ಮಗಳು."

ಆ ಮಾತು ನಾಟಿತು.

ಮರುದಿನ ಮಾರೇಶ್ ಮತ್ತು ಮಗಳ ಜೊತೆ ನಾಗೇಂದ್ರಪ್ಪ ಹರಪನಹಳ್ಳಿಯ ಬಸ್ಸು ಹತ್ತಿದ. ಕೆರೆದದ್ದಲ್ಲ, ಇಲಿ ಕಡಿದದ್ದು ಅನ್ನಲೇ? ಬೆವರು ತಾಗಿ ಮಾಸಿತ್ತು ಅನ್ನಲೇ? ದಾರಿಯುದ್ದಕ್ಕೂ ಹತ್ತು ಸುಳ್ಳು ಹೊಂದಿಸಿದ. ಹತ್ತಕ್ಕೂ ಕೊನೆಯಲ್ಲಿ ಮಗಳ ಮುಖವೇ ಬಂದು ನಿಲ್ಲುತ್ತಿತ್ತು.

ಕಚೇರಿಯಲ್ಲಿ ತಹಶೀಲ್ದಾರರು ಕಾಗದ ತೆಗೆದುಕೊಂಡು ಕಿಟಕಿಗೆ ಹಿಡಿದರು.

"ಯಾರು ಮಾಡಿದ್ದು ಇದನ್ನ?"

ಸಂಘಮಿತ್ರಾ ನೆಲ ನೋಡುತ್ತಿದ್ದಳು.

"ನಾನ್ರಿ," ಅಂದ ನಾಗೇಂದ್ರಪ್ಪ. "ಮಗಳಿಗೆ ಗೊತ್ತಿಲ್ರಿ. ಬಳ್ಳಾರಿ ಅಂತ ಇದ್ರ ನಡೆಯಂಗಿಲ್ಲ ಅಂದ್ರು. ಹೆದರಿದೆ."

"ಹೆದರಿದವರು ಬಂದು ಕೇಳಬೇಕಪ್ಪ. ಬ್ಲೇಡು ಹಿಡಿಯಬಾರದು. ಇದು ಅಪರಾಧ, ಗೊತ್ತೇನು?" ಅವರು ಒಂದು ಬಿಳಿ ಹಾಳೆ ತಳ್ಳಿದರು. "ಏನು ಮಾಡಿದೆ, ಯಾಕೆ ಮಾಡಿದೆ, ಬರೆದುಕೊಡು. ಹೊರಗೆ ಕೂತಿರು."

ಅವನು ಬರೆದ. ಊರೇ ಹೊಗಳಿದ ಅಕ್ಷರ ಅವತ್ತು ಸಾಲು ಬಿಟ್ಟು ಓಡಿತು.

ಹತ್ತೂವರೆಯಿಂದ ಅವರು ಬೆಂಚಿನ ಮೇಲೆ ಕೂತರು. ಊರಿನ ಗ್ರಾಮ ಲೆಕ್ಕಿಗರು ಒಳಗೆ ಹೋಗಿ ಬಂದರು. ಯಾರೋ ಹಳೆಯ ರಿಜಿಸ್ಟರು ಹೊತ್ತು ಒಯ್ದರು. ಒಬ್ಬ ಪೊಲೀಸ್ ಪೇದೆ ಏನೋ ಕೆಲಸಕ್ಕೆ ಬಂದು ಅವರೆದುರಿಗೇ ಹಾದುಹೋದ. ನಾಗೇಂದ್ರಪ್ಪ ಮಗಳ ಕೈ ಹಿಡಿದ, ಸಣ್ಣ ಮಗು ಅಮ್ಮನ ಕೈ ಹಿಡಿಯುವಂತೆ. ಅವಳು ಬಿಡಿಸಿಕೊಳ್ಳಲಿಲ್ಲ. ಮೂರಾಯಿತು, ನಾಲ್ಕಾಯಿತು. ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದರು.

ಆಗ ಒಳಗೆ ಕರೆದರು.

"ರಿಜಿಸ್ಟರಿನಲ್ಲಿ ನಿನ್ನ ಮಗಳ ಹೆಸರು ಸರಿಯಾಗಿದೆ. ಗ್ರಾಮ ಲೆಕ್ಕಿಗರೂ ಹೇಳಿಕೆ ಕೊಟ್ಟಿದ್ದಾರೆ. ಕೆರೆದ ಕಾಗದ, ನಿನ್ನ ಬರಹ ಎರಡೂ ನನ್ನ ಫೈಲಿನಲ್ಲಿರುತ್ತವೆ. ತಾನಾಗಿ ಬಂದು ಒಪ್ಪಿಕೊಂಡೆ ಅಂತ ಇಲ್ಲಿಗೆ ಬಿಡುತ್ತಿದ್ದೇನೆ. ಇನ್ನೊಮ್ಮೆ ಆದರೆ ಬಿಡುವುದಿಲ್ಲ." ಅವರು ಹೊಸ ಪ್ರಮಾಣಪತ್ರ ಮುಂದಿಟ್ಟುಕೊಂಡರು.

ನಾಗೇಂದ್ರಪ್ಪ ಬಗ್ಗಿ ನೋಡಿದ. ಹೊಸ ಕಾಗದದ ತಲೆಯ ಮೇಲೆ ಅಚ್ಚಿನಲ್ಲಿ ಬಳ್ಳಾರಿ ಜಿಲ್ಲೆ ಅಂತಲೇ ಇತ್ತು.

"ಹೊಸ ಫಾರಂ ಇನ್ನೂ ಅಚ್ಚಾಗಿ ಬಂದಿಲ್ಲ," ಅಂದರು ತಹಶೀಲ್ದಾರರು. ಪೆನ್ನು ತೆಗೆದು 'ಬಳ್ಳಾರಿ' ಮೇಲೆ ಒಂದು ಗೆರೆ ಎಳೆದರು. ಕೆಳಗಿನ ಅಕ್ಷರ ಕಾಣುವ ಹಾಗೆಯೇ. ಮೇಲೆ 'ದಾವಣಗೆರೆ' ಎಂದು ಗೀಚಿ, ಪಕ್ಕದಲ್ಲಿ ಸಹಿ ಮಾಡಿ, ಮೊಹರು ಒತ್ತಿದರು. ಅವರ ಅಕ್ಷರ ಕೋಳಿ ಕೆದರಿದಂತಿತ್ತು. ಆದರೆ ಆ ಕೋಳಿ ಕೆದರಿದ್ದಕ್ಕೆ ಇದ್ದ ಬೆಲೆ ಅವನ ಮುತ್ತಿನಂಥ ಅಕ್ಷರಕ್ಕೆ ಇರಲಿಲ್ಲ. ತಿದ್ದುವ ಅಧಿಕಾರ ಇದ್ದವರು ಮುಚ್ಚಿಡದೆ ತಿದ್ದಿ, ತಮ್ಮ ಹೆಸರು ಹಾಕಿದ್ದರು. ಅವನು ಬಾಗಿಲು ಮುಂದೆ ಮಾಡಿಕೊಂಡು ತಿದ್ದಿದ್ದ.

ಸೋಮವಾರ ದಾವಣಗೆರೆಯಲ್ಲಿ ಸಂಘಮಿತ್ರಾಳ ಮುಂದೆ ಸಾಲಿನಲ್ಲಿ ಅವರದೇ ತಾಲೂಕಿನ ಉಚ್ಚಂಗಿದುರ್ಗದ ಕಡೆಯ ಒಬ್ಬ ಹುಡುಗಿ ನಿಂತಿದ್ದಳು. ಅವಳ ಕೈಯಲ್ಲಿದ್ದುದು ತೊಂಬತ್ತನಾಲ್ಕರ ಹಳೆಯ ಕಾಗದ, ಬಳ್ಳಾರಿ ಜಿಲ್ಲೆ. ಮೇಜಿನ ಹಿಂದಿನವರು ಅದನ್ನು ಓದಿ, ಗುರುತು ಹಾಕಿ, "ಮುಂದೆ ಹೋಗಮ್ಮ" ಅಂದರು. ಅಷ್ಟೇ. ಬಾಗಿಲ ಹೊರಗಿನಿಂದ ನಾಗೇಂದ್ರಪ್ಪ ಅದನ್ನು ಕಣ್ಣಾರೆ ಕಂಡ. ನಾಲ್ಕು ದಿನ ತಾನು ಸುಮ್ಮಸುಮ್ಮನೆ ಸತ್ತು ಬದುಕಿದೆ ಅಂತ ಅವನಿಗೆ ಅಲ್ಲಿ ತಿಳಿಯಿತು. ಆಮೇಲೆ ಮಗಳ ಕಾಗದಕ್ಕೂ ಗುರುತು ಬಿತ್ತು.

ಮಂಗಳವಾರ ಅವನು ಗಾದೆಮ್ಮನ ಪಿಂಚಣಿ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, "ಹಿಂಗೇ ಇಟ್ಟುಕೋ ಯಮ್ಮಾ, ಯಾರು ಕೇಳಿದ್ರೂ ಕೊಡಬ್ಯಾಡ, ನನಗೂ ಕೊಡಬ್ಯಾಡ" ಎಂದು ಕೊಟ್ಟ. ಪಾಲಣ್ಣನ ಅಂಗಡಿಗೆ ಹೋಗಿ, ನಾಚಿಕೆ ಬಿಟ್ಟು, ಎಲ್ಲರ ಮುಂದೆ ತನ್ನ ಕಥೆ ಹೇಳಿ, ಹಳೆಯ ಕಾಗದ ನಡೆಯುತ್ತದೆ ಅಂದ.

"ಯಾರು ಹೇಳಿದ್ರಲೇ?" ಅಂತ ಪಾಲಣ್ಣ ಕೇಳಿದ.

"ನಾನ ಹೇಳಾಕ ಹತ್ತೀನಿ. ನಾ ಒಬ್ಬನ," ಅಂದ ನಾಗೇಂದ್ರಪ್ಪ.

ಮರುದಿನ ಶಾಲೆಯ ಬೋರ್ಡಿನ ಮೇಲೆ ಅವನ ದುಂಡನೆಯ ಅಕ್ಷರ ಮತ್ತೆ ಕಾಣಿಸಿತು. ಹೆಡ್‌ಮಾಸ್ತರರು ಅಳಿಸಬೇಡ ಎಂದು ಒಂದು ತಿಂಗಳು ಹಾಗೆಯೇ ಬಿಟ್ಟರು:

"ಜಿಲ್ಲೆ ಬದಲಾದರೆ ಹಳೆಯ ಕಾಗದ ಕೆಡುವುದಿಲ್ಲ. ನಾವು ಕೈ ಹಾಕಿದರೆ ಕೆಡುತ್ತದೆ."

ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮ್ಮ ಮಾತು. ನಿಮ್ಮ ಟ್ರಂಕಿನಲ್ಲೂ ಇಂಥ ಕಾಗದಗಳಿವೆ. ಹೊಲದ ಪಟ್ಟಾ, ರೇಷನ್ ಕಾರ್ಡು, ಮಕ್ಕಳ ಪ್ರಮಾಣಪತ್ರ. ತಾಲೂಕು ಯಾವ ಜಿಲ್ಲೆಗೇ ಸೇರಲಿ, ನಾಳೆ ಆ ಗೆರೆ ಇನ್ನೊಮ್ಮೆ ಸರಿಯಲಿ, ಅವು ನಿಮ್ಮವೇ. ಅವುಗಳ ಮೇಲೆ ಪೆನ್ನು, ಬ್ಲೇಡು ಆಡಿಸಬೇಡಿ. ಬದಲಿಸಿಕೊಡುತ್ತೇನೆ ಎಂದು ಬರುವವರ ಕೈಗೆ ಅಸಲನ್ನು ಕೊಡಬೇಡಿ. ಅನುಮಾನ ಬಂದರೆ ಚಹಾದಂಗಡಿಯಲ್ಲಿ ಕೇಳಬೇಡಿ. ತಾಲೂಕು ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ರಸೀದಿ ಪಡೆಯಿರಿ. ಹೆದರಿಕೆಯಿಂದ ಈಗಾಗಲೇ ತಪ್ಪು ಮಾಡಿದ್ದರೆ, ಮಕ್ಕಳು ಅದಕ್ಕೆ ತಲೆ ತಗ್ಗಿಸುವ ಮೊದಲು ನೀವೇ ಹೋಗಿ ಹೇಳಿರಿ. ನಾಗೇಂದ್ರಪ್ಪನಂಥ ಪುಕ್ಕಲನೇ ಹೋಗಿ ಬಂದ. ನೀವೂ ಹೋಗಬಲ್ಲಿರಿ.