ಸೊಂಟದ ಅಂಟುಪಟ್ಟಿ

ಏಳು ತಿಂಗಳ ಬಸುರಿ ಸಮತಾಗೆ ಮಗ್ಗುಲು ಬದಲಿಸುವುದೇ ಒಂದು ಕೆಲಸವಾಗಿತ್ತು. ಸೊಂಟದ ಕೀಲು ಕಳಚಿಬಿದ್ದಂತಾಗುತ್ತಿತ್ತು. ಭದ್ರಾವತಿಯ ಜನ್ನಾಪುರದ ಖಾಸಗಿ ಶಾಲೆಯಲ್ಲಿ ಅವಳದು ಟೆಂಪರರಿ ಟೀಚರ್ ಕೆಲಸ. ಪರೀಕ್ಷೆ ಮುಗಿಯುವವರೆಗೆ ಪಾಠ ಮಾಡಿದರೆ ಹೆರಿಗೆಯಾದ ಮೇಲೂ ಆ ಜಾಗ ಅವಳದೇ. ಈಗಲೇ ಮನೆಯಲ್ಲಿ ಕೂತರೆ ಬೇರೆಯವರು ಬರುತ್ತಾರೆ ಎಂದು ಹೆಡ್‌ಮಾಸ್ಟರ್ ನಗುನಗುತ್ತಲೇ ಹೇಳಿದ್ದರು.

ಹೆರಿಗೆ ಡಾಕ್ಟರು ಅವಳನ್ನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವ ಸುಮನಾ ಬಳಿ ಕಳಿಸಿದರು. ರಾಗಿಗುಡ್ಡದ ಕಡೆ ಸಣ್ಣದೊಂದು ಕ್ಲಿನಿಕ್. ಎಳೆದರೆ ಹಿಗ್ಗುವ, ಬಟ್ಟೆಯಂಥ ನೀಲಿ ಪಟ್ಟಿಯನ್ನು ಸುಮನಾ ಅವಳ ಬೆನ್ನಿನ ಕೆಳಭಾಗಕ್ಕೂ ಹೊಟ್ಟೆಯ ಅಡಿಗೂ ಅಂಟಿಸಿದಳು.

"ಇದ್ರಿಂದ ನೋವು ಹೋಗುತ್ತಾ ಮೇಡಂ?"

"ಕೆಲವ್ರಿಗೆ ಕಡಿಮೆ ಆಗುತ್ತೆ, ಕೆಲವ್ರಿಗೆ ಏನೂ ಆಗಲ್ಲ. ಯಾಕೆ ಅಂತ ಕೇಳಿದ್ರೆ ನನಗೂ ಸರಿಯಾಗಿ ಗೊತ್ತಿಲ್ಲ."

ಉಳಿದ ಸುರುಳಿಯನ್ನು ಕೈಗೆ ಕೊಟ್ಟು ಕಳಿಸಿದಳು. ಭದ್ರಾವತಿಯವರೆಗೆ ಬಸ್ಸು ಕುಲುಕಿದರೂ ಸಮತಾಗೆ ಅಷ್ಟಾಗಿ ನೋಯಲಿಲ್ಲ.

ಮನೆಯಲ್ಲಿ ಅತ್ತೆ ಹುಲಿಗೆಮ್ಮ ಸೆರಗು ಸರಿಸಿ ನೋಡಿ ಹೌಹಾರಿದಳು. "ಹೆತ್ತ ಮೇಲೆ ಹೊಟ್ಟೆ ಕಟ್ತಾರೆ. ಬಸುರಲ್ಲೇ ಯಾರಾದ್ರೂ ಕಟ್ತಾರೇನೇ? ಕೂಸು ಮಿಸುಕಾಡಕ್ಕೆ ಜಾಗ ಬೇಡ್ವಾ?"

"ಕಟ್ಟಿಲ್ಲ ಅತ್ತೆ, ಅಂಟ್ಸಿರೋದು."

"ಏನೋ ಒಂದು. ಪಾರ್ಸೆಲ್ ಮಾಡಿ ಕಳ್ಸಿದಾರೆ."

ಸೊಸೆಯ ಸೊಂಟಕ್ಕೆ ದಿನಾ ಹರಳೆಣ್ಣೆ ನೀವುವುದು ಹುಲಿಗೆಮ್ಮನ ವಾಡಿಕೆ. ಪಟ್ಟಿ ಬಂತೆಂದು ಅವಳು ಅದನ್ನು ಬಿಡಲಿಲ್ಲ. ಎರಡೇ ದಿನಕ್ಕೆ ಅಂಟು ಬಿಟ್ಟ ಪಟ್ಟಿ ಪಾಠದ ನಡುವೆಯೇ ಸೀರೆಯೊಳಗೆ ಮುದುರಿಕೊಂಡಿತು. ನೋವೂ ಮರಳಿತು.

ಗಂಡ ಭೀಮೇಶ್ ಕಾರ್ಖಾನೆಯಲ್ಲಿ ಫಿಟ್ಟರ್. "ಅದಕ್ಕೆ ಶಿವಮೊಗ್ಗಕ್ಯಾಕೆ ಓಡ್ಬೇಕು ಮಾರಾಯ್ತಿ? ತಿರುಗು, ನಾನೇ ಹಾಕ್ತೀನಿ" ಎಂದ. ಸಡಿಲವಾದದ್ದನ್ನು ಬಿಗಿಯಬೇಕು, ಅವನ ಕೈಗೆ ಗೊತ್ತಿದ್ದುದು ಅಷ್ಟೇ. ಪಟ್ಟಿಯನ್ನು ಹಿಗ್ಗುವಷ್ಟೂ ಹಿಗ್ಗಿಸಿ ಒತ್ತಿ ಅಂಟಿಸಿದ.

"ರೀ, ಚರ್ಮ ಕಿತ್ತು ಬರುತ್ತೆ!"

"ಟೈಟಾಗಿದ್ರೇನೇ ಹಿಡಿಯೋದು. ಲೂಸ್ ಬಿಟ್ರೆ ಏನ್ ಪ್ರಯೋಜನ?"

ರಾತ್ರಿಯೆಲ್ಲ ತುರಿಕೆ. ಬೆಳಗ್ಗೆ ಪಟ್ಟಿಯ ತುದಿಗಳಲ್ಲಿ ಬೊಬ್ಬೆ ಎದ್ದಿದ್ದವು. ಸೊಂಟದ ನೋವು ಮಾತ್ರ ಕಡಿಮೆ ಎನಿಸುತ್ತಿತ್ತು. ಪಟ್ಟಿ ಹಿಡಿದದ್ದಕ್ಕೋ, ಈ ಉರಿಯ ಮುಂದೆ ಆ ನೋವು ಗೊತ್ತಾಗದ್ದಕ್ಕೋ, ಸಮತಾಗೆ ಬಗೆಹರಿಯಲಿಲ್ಲ. ಸುಮನಾಗೆ ಫೋನ್ ಮಾಡಿದಳು.

"ಅಷ್ಟು ಎಳೆದ್ರಾ? ತುದಿನಂತೂ ಎಳೀಲೇಬಾರ್ದು! ಎಣ್ಣೆ ಹಚ್ಚಿ ನೆನೆಸಿ, ನಿಧಾನಕ್ಕೆ ಬಿಡಿಸಿ. ಬೊಬ್ಬೆ ಇರೋ ಕಡೆ ಮತ್ತೆ ಹಾಕ್ಬೇಡಿ."

ವಿಷಯ ತಿಳಿದದ್ದೇ ತಡ, ಹುಲಿಗೆಮ್ಮ ಎಣ್ಣೆ ಬಟ್ಟಲು ತಂದಳು. "ನೋಡ್ದಾ? ಕೊನೆಗೆ ಅವಳೂ ಎಣ್ಣೆಗೇ ಬಂದ್ಲು."

"ಎಣ್ಣೆ ಹಚ್ಚೇ ಮೊದಲನೇದು ಉದುರಿದ್ದಮ್ಮ" ಎಂದ ಭೀಮೇಶ್.

"ನೀನು ಸುಮ್ನಿರೋ, ಹೆಂಡ್ತಿ ಚರ್ಮ ಸುಲ್ದೋನೆ."

ಇಬ್ಬರೂ ಜಗಳವಾಡುತ್ತಿದ್ದಾಗ ಸಮತಾ ಬಚ್ಚಲಿಗೆ ಹೋಗಿ, ಎಣ್ಣೆ ಹಚ್ಚಿ ಪಟ್ಟಿ ಬಿಡಿಸಿ, ಆಮೇಲೆ ಎಣ್ಣೆಯನ್ನು ಸೋಪಿನಿಂದ ತೊಳೆದಳು. ಚರ್ಮ ಒರೆಸಿ ಒಣಗಿಸಿ, ಬೊಬ್ಬೆಯಿಲ್ಲದ ಕಡೆ, ಹೊಟ್ಟೆಯ ಅಡಿಗೆ, ಒಂದೇ ಒಂದು ಪಟ್ಟಿಯನ್ನು ಎಳೆಯದೆ ಅಂಟಿಸಿಕೊಂಡಳು.

"ಈಗ ಹೆಂಗಿದೆ?" ಇಬ್ಬರೂ ಒಟ್ಟಿಗೆ ಕೇಳಿದರು.

"ಗೊತ್ತಿಲ್ಲ" ಎಂದು ಬ್ಯಾಗು ಎತ್ತಿಕೊಂಡಳು.

ಮಧ್ಯಾಹ್ನ ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತಿದ್ದಳು. ಹೆಡ್‌ಮಾಸ್ಟರ್ ಕಿಟಕಿಯಾಚೆ ಬಂದು ನಿಂತದ್ದು ಕಂಡು, ಮೇಜು ಹಿಡಿದು ಎದ್ದಳು. ಅವರು ನಕ್ಕು ಮುಂದೆ ಹೋದರು. ಹೋದ ಮೇಲೂ ಅವಳು ಕೂರಲಿಲ್ಲ. ಕೂತರೆ ಮತ್ತೆ ಏಳಲಾದೀತೋ ಇಲ್ಲವೋ, ಅದು ಅವಳಿಗೇ ತಿಳಿಯಲಿಲ್ಲ.