ಗುರುಸಿದ್ದವ್ವನ ಹೆಬ್ಬೆಟ್ಟು

೧೯೬೩ರ ಬೇಸಿಗೆ. ಗಡಹಿಂಗ್ಲಜದ ಒಂದು ವೃದ್ಧಾಶ್ರಮದಲ್ಲಿ ನಾನು ಆಯಾ ಆಗಿದ್ದೆ. ಪುಣೆಯಿಂದ ಹೊಸದಾಗಿ ಬಂದಿದ್ದ ವ್ಯವಸ್ಥಾಪಕ ಗಣಪತರಾಯರಿಗೆ ಕನ್ನಡ ಬಾರದು, ಹಳ್ಳಿಯಿಂದ ಬಂದ ಮುದುಕ ಮುದುಕಿಯರಿಗೆ ಮರಾಠಿ ಬಾರದು. ಹಾಗಾಗಿ ಎರಡೂ ಬಲ್ಲ ನನ್ನ ತಲೆಗೆ ಈ ಕೆಲಸ ಬಂತು. ಮುಂದೆ ಕಾಯಿಲೆ ಜೋರಾಗಿ ಮಾತು ನಿಂತರೆ ನಿಮ್ಮನ್ನು ಹೇಗೆ ನೋಡಿಕೊಳ್ಳಬೇಕು ಎಂದು ಒಬ್ಬೊಬ್ಬರನ್ನೂ ಕೇಳಿ, ಬರೆದು, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಿತ್ತು.

ಸಾತಪ್ಪಜ್ಜ ತನ್ನನ್ನು ಕೊಲ್ಹಾಪುರದ ದವಾಖಾನೆಗೆ ಮಾತ್ರ ಒಯ್ಯಬೇಡಿರೆಂದ, ಕೊನೆಯವರೆಗೂ ಚಹಾ ತಪ್ಪಿಸಬೇಡಿರೆಂದ. ಹಲಕರ್ಣಿಯ ಗುರುಸಿದ್ದವ್ವ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿ ತೋರಿಸಿದಳು.

"ಎಚ್ಚರ ತಪ್ಪಿದ್ರೂ ನನ್ನ ಕೊರಳಾಗಿನ ಲಿಂಗ ತಗೀಬ್ಯಾಡ್ರಿ. ಅದರ ಪೂಜಿ ಆಗದ ನಾ ನೀರು ಮುಟ್ಟಾಂಗಿಲ್ಲ," ಅಂದಳು.

ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ರಾಯರಿಗೆ ಮರಾಠಿಯಲ್ಲಿ ಹೇಳಿದೆ. ಅದು ದೇವರ ಮಾತು, ಆರೈಕೆಯ ಮಾತಲ್ಲ ಎಂದು ಮಹಾಶಯರು ತಮ್ಮ ಪ್ರತಿಯಲ್ಲಿ ಅದನ್ನು ಬಿಟ್ಟೇಬಿಟ್ಟರು! ಹಾಗಾದರೆ ಕೇಳಿದ್ದೇಕೆ? ಆಗಲೇ ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ಆ ಸಿಟ್ಟು ನನ್ನ ಮೇಲೇ ನನಗೆ ಇವತ್ತಿಗೂ ಇದೆ.

ಮರುವಾರ ತಮ್ಮನ ಮದುವೆಗೆಂದು ಕುರುಂದವಾಡಕ್ಕೆ ಹೋಗಿ ಮೂರು ದಿನ ಬಿಟ್ಟು ಬಂದೆ. ಗುರುಸಿದ್ದವ್ವ ಜ್ವರದಲ್ಲಿ ಬಿದ್ದಿದ್ದಳು. ತುಟಿ ಒಡೆದಿತ್ತು, ಕೊರಳು ಬರಿದಾಗಿತ್ತು. ಅವಳಿಗೆ ಎಚ್ಚರ ತಪ್ಪಿದಾಗ ರಾಯರು ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಒಡವೆ ಎಂದುಕೊಂಡು, ಕಳುವಾದೀತೆಂದು ಬಿಚ್ಚಿ ಕಪಾಟಿನಲ್ಲಿಟ್ಟಿದ್ದರು. ಹಿಂದಿನ ದಿನ ಬೆಳಗ್ಗೆ ಎಚ್ಚರವಾದಾಗಿನಿಂದ ಮುದುಕಿ ಹನಿ ನೀರು ಕುಡಿದಿರಲಿಲ್ಲ. ಮತ್ತೆ ಮತ್ತೆ ಕೊರಳು ಮುಟ್ಟಿ ತೋರಿಸಿದ್ದಳಂತೆ. ಇವರು ಗಂಟಲು ನೋವೆಂದು ಔಷಧಿ ಹಚ್ಚಿಸಿದ್ದರು! ದಪ್ತರದಲ್ಲಿ ಬೇರೆ 'ಹಟಮಾರಿ ರೋಗಿ' ಎಂದು ಬರೆದಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಮೇಜಿನ ಮೇಲಿದ್ದ ಕಪಾಟಿನ ಕೀಲಿಕೈ ಎತ್ತಿಕೊಂಡೆ. ಯಾರ ಅಪ್ಪಣೆ ಎಂದು ರಾಯರು ಗದರಿದರು. ನಾನು ಬರೆದ ಕಾಗದವನ್ನು ಅವರ ಮುಂದೆ ಹಿಡಿದು, ಹೆಬ್ಬೆಟ್ಟಿನ ಗುರುತು ತೋರಿಸಿ, ಇವಳದೇ ಅಪ್ಪಣೆ ಎಂದೆ. ರಾಯರು ದಾರಿ ಬಿಟ್ಟರು.

ಮುದುಕಿಯ ಮುಖ ಒರೆಸಿ, ಒರಗಿಸಿ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟೆ. ಗುರುಸಿದ್ದವ್ವ ವಿಭೂತಿ ಹಚ್ಚಿದಳು, ಕಣ್ಣು ಮುಚ್ಚಿದಳು. ಆಮೇಲೆ ಒಂದು ತಂಬಿಗೆ ನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿದಳು. ಬಾಗಿಲಲ್ಲಿ ನಿಂತಿದ್ದ ರಾಯರ ಮುಖ ಸಣ್ಣಗಾಗಿತ್ತು.

ನಾಲ್ಕು ದಿನಕ್ಕೆ ಜ್ವರ ಇಳಿಯಿತು. ರಾಯರು ಲಿಂಗದ ಮಾತು ಸೇರಿಸಿ ಹೊಸ ಕಾಗದ ಬರೆದು ತಂದರು. ನಾನು ಓದಿ ಹೇಳಿ, ಮಸಿಯ ಡಬ್ಬಿಯನ್ನು ಗುರುಸಿದ್ದವ್ವನ ಮುಂದಿಟ್ಟೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಂದು ಆವತ್ತ ಕೊಟ್ಟೇನಿ, ಚನ್ನವ್ವ. ಈ ಸಲ ಅವರ ಹೆಬ್ಬಟ್ಟು ತಗೋ."

ನಾನು ಡಬ್ಬಿಯನ್ನು ರಾಯರ ಕಡೆಗೆ ಸರಿಸಿದೆ.