ಹಿಡಿ ಭಂಡಾರ

ಟೆಲಿಫೋನಿನಲ್ಲಿ ಮುಂಬಯಿ ಲೈನು ಸಿಕ್ಕಿತ್ತು. ಆದರೆ ಯಂತ್ರದ ಕಾಗದದ ಮೇಲೆ ಮೂಡಿದ್ದು ಅಕ್ಷರವಲ್ಲ, ಬರೀ ಕಸ. ಅಣ್ಣಾರಾಯ ಮೋಡೆಮ್ಮಿನ ವೇಗದ ಗುಂಡಿಯನ್ನು ಇನ್ನೊಮ್ಮೆ ನೋಡಿದ. ಮುಂಬಯಿಯ ಕಂಪ್ಯೂಟರಿಗೆ ಮುನ್ನೂರು, ಪುಣೆಯದಕ್ಕೆ ನೂರಾ ಹತ್ತು. ಗೋಡೆಗೆ ಅಂಟಿಸಿದ ಪಟ್ಟಿಯನ್ನು ಬರೆದವನೇ ಅವನು. ಗುಂಡಿ ಮುನ್ನೂರರ ಮೇಲೇ ಇತ್ತು. ನಿನ್ನೆ ಸಂಜೆ ಇದೇ ಪೆಟ್ಟಿಗೆ ಎರಡೂ ಊರಿನ ಜೊತೆ ಸೊಗಸಾಗಿ ಮಾತಾಡಿತ್ತು.

ಬೆನ್ನ ಹಿಂದೆ ಚಾದರದ ವ್ಯಾಪಾರಿ ಕಲ್ಯಾಣಪ್ಪ ಸಾಹುಕಾರರು ಕೈಕಟ್ಟಿ ನಿಂತಿದ್ದರು. ೧೯೭೯ರ ಸೊಲ್ಲಾಪುರದಲ್ಲಿ ಇಂಥ ಯಂತ್ರ ಇನ್ಯಾರ ಪೇಢಿಯಲ್ಲೂ ಇಲ್ಲವೆಂದು ಅವರು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಪರೀಕ್ಷೆ ಮಾಡಲು ಯಂತ್ರದ ಕಂಪನಿಯಿಂದ ಮುಂಬಯಿಯ ಇಂಜಿನಿಯರ್ ಬಂದಿದ್ದ. ಇವತ್ತು ಪಾಸಾದರೆ ಅಣ್ಣಾರಾಯನ ನೌಕರಿ ಕಾಯಂ, ಇಲ್ಲದಿದ್ದರೆ ಈ ಕುರ್ಚಿಯಲ್ಲಿ ಮುಂಬಯಿಯವನು. ಇದನ್ನೇ ನಂಬಿ ಅವನು ಅಕ್ಕಲಕೋಟದ ರೇಡಿಯೋ ರಿಪೇರಿ ಅಂಗಡಿ ಬಿಟ್ಟುಬಂದಿದ್ದ. ಅಲ್ಲೀಗ ಯಾರೋ ಬಳೆ ಮಾರುತ್ತಿದ್ದರು.

"ಏನಾತೋ?" ಎಂದರು ಸಾಹುಕಾರರು.

"ಲೈನ್ ಛಲೋ ಐತ್ರಿ. ನಂಬರೂ ಬರೋಬರ್ ಅದಾವ. ನನಗ ತಿಳೀವಲ್ದು."

ಇಂಜಿನಿಯರ್ ಟೆಲಿಫೋನಿನ ರಿಸೀವರನ್ನು ಮೋಡೆಮ್ಮಿನ ಎರಡು ರಬ್ಬರ್ ಬಟ್ಟಲುಗಳಿಂದ ಎತ್ತಿ, ಬಟ್ಟಲಿನೊಳಗೆ ಬೆರಳು ಹಾಕಿದ. ಬೆರಳು ಹಳದಿಯಾಗಿ ಹೊರಬಂತು. ಮೂಸಿ ನೋಡಿ, "ಹೇ ಕಾಯ್? ಹಳದ?" ಎಂದು ಮರಾಠಿಯಲ್ಲಿ ಕೇಳಿದ, ಇದೇನು ಅರಿಶಿನವೇ ಎಂದು.

ಅಣ್ಣಾರಾಯ ಆ ಹಳದಿಯನ್ನು ಗುರುತಿಸಿದ. ಸಾಹುಕಾರರ ತಾಯಿ ಉಮಾಬಾಯಿ ಹೋದ ವಾರ ಅವನನ್ನು ಕರೆದು, "ನಿಮ್ಮೂರ ಬೀರೋಬಾ ಭಾಳ ಜಾಗೃತ ದೇವ್ರಂತ. ಹೊಸಾ ಮಸೀನಕ್ಕ ಅವನ ಭಂಡಾರ ತಗೊಂಡ ಬಾರಪ್ಪಾ" ಎಂದಿದ್ದರು. ಅವನು ತನ್ನೂರಾದ ನಾಗಣಸೂರದ ಗುಡಿಯಿಂದ ಭಂಡಾರವನ್ನು, ಅಂದರೆ ದೇವರ ಅರಿಶಿನದ ಪೊಟ್ಟಣವನ್ನು, ತಂದಿದ್ದ. ಬೆಳಿಗ್ಗೆ ಮೇಜಿನ ಕಾಲಿಗೆ ಒಂದು ಚಿಟಿಕೆ ಹಚ್ಚಿ, ಉಳಿದದ್ದನ್ನು ಮುದುಕಿಯ ಕೈಗೆ ಕೊಟ್ಟು, "ಮಸೀನದ ಮ್ಯಾಲ ಮಾತ್ರ ಹಾಕಬ್ಯಾಡ್ರಿ ಆಯಿ" ಎಂದು ಹೇಳಿಯೇ ಇಂಜಿನಿಯರನ್ನು ಕರೆತರಲು ಲಾಡ್ಜಿಗೆ ಹೋಗಿದ್ದ. ಬಂದವನೇ ಅವಸರದಲ್ಲಿ ಬಟ್ಟಲೊಳಗೆ ನೋಡಿರಲಿಲ್ಲ.

"ಇದು ನೀ ತಂದ ಭಂಡಾರ ಅಲ್ಲೇನೋ?" ಸಾಹುಕಾರರ ದನಿ ಏರಿತು.

"ತಂದಾಂವ ನಾನ ರೀ. ಆದ್ರ…"

ಅವನು ಬಾಗಿಲ ಕಡೆ ನೋಡಿದ. ಉಮಾಬಾಯಿ ಅಲ್ಲೇ ನಿಂತಿದ್ದರು. ಇಬ್ಬರು ಗಂಡುಮಕ್ಕಳಿದ್ದ ಅವರು ಅಣ್ಣಾರಾಯನನ್ನು ತಮ್ಮ ಮೂರನೇ ಮಗನೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಅವರ ಒಂದೇ ಒಂದು ಮಾತು ಸಾಕಿತ್ತು. ಮುದುಕಿ ಸಾಹುಕಾರರ ಮುಖ ನೋಡಿದರು, ಆಮೇಲೆ ಹಳದಿಯಾಗಿದ್ದ ಅಂಗೈಯನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದರು. ಅವರು ಹೆತ್ತ ಮಗನಿಗೇ ಹೆದರುತ್ತಾರೆಂಬುದು ಅಣ್ಣಾರಾಯನಿಗೆ ಆಗ ಗೊತ್ತಾಯಿತು. ಅದರಿಂದ ಅವನಿಗೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

"ಆದ್ರ ಏನು?" ಎಂದರು ಸಾಹುಕಾರರು.

"ಏನಿಲ್ರಿ."

ಪುಡಿ ಬಟ್ಟಲಿನ ತಳದ ಮೈಕಿನೊಳಗೇ ಇಳಿದಿತ್ತು. ಹೊಸದನ್ನು ತರಿಸಬೇಕು, ಜೊತೆಗೆ ಅದನ್ನು ನಡೆಸಲು ತಮ್ಮ ಕಂಪನಿಯವನನ್ನೇ ಕಳಿಸುತ್ತೇವೆ ಎಂದು ಇಂಜಿನಿಯರ್ ಮರಾಠಿಯಲ್ಲಿ ಹೇಳಿ ಬ್ಯಾಗು ಮುಚ್ಚಿದ. ಗೋಡೆಯ ಪಟ್ಟಿ ಹಾಗೇ ಇರಲಿ, ಬರುವವನಿಗೆ ಅನುಕೂಲ ಎಂದೂ ಹೇಳಿದ. ಸಾಹುಕಾರರು ಅಣ್ಣಾರಾಯನ ಕಡೆ ತಿರುಗಲೂ ಇಲ್ಲ.

ಅವನು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಅಡುಗೆಮನೆಯಿಂದ ಕರೆ ಬಂತು.

"ಅಣ್ಣಾರಾಯ, ಉಂಡು ಹೋಗಪ್ಪಾ."

ಬೇಡವೆನ್ನಬೇಕೆಂದುಕೊಂಡ. ಆದರೂ ಚಪ್ಪಲಿ ಕಳಚಿದ. ಒಳಗೆ ಹೋಗಿ ಗೋಡೆಗೆ ಒರಗಿ ಕೂತ. ಉಮಾಬಾಯಿ ಮುಖ ಎತ್ತದೆ ರೊಟ್ಟಿ ಹಾಕಿದರು, ನಂಚಿಕೊಳ್ಳಲು ಖಾರದ ಶೇಂಗಾ ಹಿಂಡಿ ಹಾಕಿದರು, ಮೊದಲನೆಯದು ಮುರಿಯುವ ಮೊದಲೇ ಇನ್ನೊಂದು ರೊಟ್ಟಿ, ಅದರ ಮೇಲೆ ಮತ್ತೊಂದು. ತಾಟು ತುಂಬಿತು. ಅವನು ಸಾಕೆನ್ನಲಿಲ್ಲ. ಅವರೂ ನಿಲ್ಲಿಸಲಿಲ್ಲ.